ಕುವೆಂಪು: ಭಾವಕ್ಕೂ ಬುದ್ಧಿಗೂ ಒಂದೇ ಮನೆ

(ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್)

ನಜರ್‌ಬಾದಿನ ನಮ್ಮ ಸರ್ಕಾರಿ ಪ್ರೌಢಶಾಲೆಯಲ್ಲಿ ಬೆಳಗಿನ ಪ್ರಾರ್ಥನೆಗೆ ಸಾಲುಗಟ್ಟಿ ನಿಂತವರಿಗೆ ಕುವೆಂಪು ಅವರನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ನಾಡಗೀತೆ ಅವರದು, ರೈತಗೀತೆ ಅವರದು. ಆದರೆ ದಿನವೂ ಹಾಡುವ ಹಾಡಿನ ಹಿಂದೆ ಎಂಥ ಬದುಕಿತ್ತು ಎಂದು ನಮ್ಮಲ್ಲಿ ಹೆಚ್ಚಿನವರು ವಿಚಾರಿಸಲು ಹೋಗುವುದಿಲ್ಲ. ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆಯಿರಿ ಎಂದಾಗ ನನಗೆ ನೆನಪಾದದ್ದು ಆ ಬದುಕು. ಅದಕ್ಕೊಂದು ಕಾರಣವಿದೆ.

ಮನುಷ್ಯ ಮನಸ್ಸಿನ ಮಾತು ಕೇಳಬೇಕೋ, ಬುದ್ಧಿಯ ಮಾತು ಕೇಳಬೇಕೋ? ಹತ್ತನೆಯ ತರಗತಿ ಮುಗಿದ ದಿನದಿಂದಲೇ ಈ ಪ್ರಶ್ನೆ ನಮ್ಮ ಬೆನ್ನು ಹತ್ತುತ್ತದೆ. ಇಷ್ಟದ ವಿಷಯ ಒಂದು ಕಡೆ, ಕೆಲಸ ಸಿಗುವ ವಿಷಯ ಇನ್ನೊಂದು ಕಡೆ. ಮುಂದೆ ಮದುವೆ, ಮನೆ, ಮಕ್ಕಳ ಶಾಲೆ ಎಲ್ಲದರಲ್ಲೂ ಅದೇ ಪ್ರಶ್ನೆ. ಎರಡರಲ್ಲಿ ಒಂದನ್ನು ಬಿಡಲೇಬೇಕು ಎಂದು ನಾವು ಅಂದುಕೊಂಡಿರುತ್ತೇವೆ. ಕುವೆಂಪು ಅವರನ್ನೂ ಹೀಗೆಯೇ ಇಬ್ಭಾಗ ಮಾಡಿಕೊಂಡವರಿದ್ದಾರೆ. ಕೆಲವರಿಗೆ ಅವರು ಮಲೆನಾಡಿನ ಸೂರ್ಯೋದಯಕ್ಕೆ ಕೈಮುಗಿದ ಭಾವುಕ ಕವಿ. ಇನ್ನು ಕೆಲವರಿಗೆ ಮೂಢನಂಬಿಕೆಯ ಮೇಲೆ ಕತ್ತಿ ಬೀಸಿದ ವಿಚಾರವಾದಿ. ಈ ಇಬ್ಬರೂ ಒಬ್ಬರೇ ಎಂಬುದನ್ನು ಅವರ ಜೀವನವನ್ನು ಮೊದಲಿನಿಂದ ನೋಡಿದರೆ ತಿಳಿಯುತ್ತದೆ.

ಕಾಡಿನ ಮನೆ

ಕುಪ್ಪಳಿ ವೆಂಕಟಪ್ಪಗೌಡ ಪುಟ್ಟಪ್ಪನವರು ಹುಟ್ಟಿದ್ದು 1904ರ ಡಿಸೆಂಬರ್ 29ರಂದು, ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯ ತಾಯಿಯ ತವರಿನಲ್ಲಿ. ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ದೊಡ್ಡ ಮನೆಯಲ್ಲಿ. ತಂದೆ ವೆಂಕಟಪ್ಪಗೌಡರು, ತಾಯಿ ಸೀತಮ್ಮ. ದಕ್ಷಿಣ ಕನ್ನಡದ ಕಡೆಯಿಂದ ಬಂದ ಮೇಷ್ಟರೊಬ್ಬರು ಮನೆಯಲ್ಲೇ ಅಕ್ಷರ ಕಲಿಸಿದರು. ಆಮೇಲೆ ತೀರ್ಥಹಳ್ಳಿಯ ಎ.ವಿ. ಸ್ಕೂಲು. ಇನ್ನೂ ಹನ್ನೆರಡರ ಹುಡುಗನಾಗಿದ್ದಾಗಲೇ ತಂದೆ ತೀರಿಕೊಂಡರು.

ಆ ಮನೆಯ ಸುತ್ತ ಕಾಡು, ಗುಡ್ಡ, ತಿಂಗಳುಗಟ್ಟಲೆ ಹಿಡಿದ ಮಳೆ. ಅದೆಲ್ಲ ಹುಡುಗನ ಮನಸ್ಸಿಗೆ ಇಳಿಯಿತು. ಮನೆಯ ಹಿಂದಿನ ಗುಡ್ಡದ ಬಂಡೆಗೆ ಮುಂದೆ ಅವರು ಕವಿಶೈಲವೆಂದು ಹೆಸರಿಟ್ಟರು. ಆದರೆ ಆ ಹುಡುಗ ಕಂಡದ್ದು ಚೆಲುವನ್ನು ಮಾತ್ರವಲ್ಲ. ಜಾತಿಯ ಮೇಲು ಕೀಳು, ಗದ್ದೆ ತೋಟಗಳಲ್ಲಿ ದುಡಿಯುವವರ ಬವಣೆ, ದೆವ್ವ ಭೂತಗಳ ಭಯ, ಆ ಭಯವನ್ನೇ ಬಂಡವಾಳ ಮಾಡಿಕೊಂಡವರ ಆಟ, ಇವೂ ಅಲ್ಲೇ ಇದ್ದವು. ಕಾಡಿನ ಮೇಲಿನ ಪ್ರೀತಿ ಅವರನ್ನು ಕವಿಯನ್ನಾಗಿ ಮಾಡಿತು, ನಿಜ. ಜನರ ಮೇಲಿನ ಪ್ರೀತಿ ಅವರಿಂದ ಪ್ರಶ್ನೆ ಕೇಳಿಸಿತು. ಕಷ್ಟ ಕಂಡು ಮರುಗುವ ಮನಸ್ಸಿದ್ದವನಿಗೆ ಈ ಕಷ್ಟ ಏಕೆ ಎಂದು ಕೇಳುವ ಬುದ್ಧಿ ಬಂದೇ ಬರುತ್ತದೆ. ಅವರ ವೈಚಾರಿಕತೆ ಪುಸ್ತಕ ಓದಿ ಬಂದದ್ದಕ್ಕಿಂತ ಮೊದಲು ಹೀಗೆ ಮನಸ್ಸು ನೊಂದು ಬಂದದ್ದು.

ಮೈಸೂರಿಗೆ ಬಂದ ಹುಡುಗ

ಪ್ರೌಢಶಾಲೆಗೆಂದು ಅವರು ಮೈಸೂರಿಗೆ ಬಂದರು. ವೆಸ್ಲಿಯನ್ ಮಿಷನ್ ಹೈಸ್ಕೂಲು, ಅಂದರೆ ಇಂದಿನ ಹಾರ್ಡ್ವಿಕ್ ಶಾಲೆ ಸೇರಿದರು. ಇಂಗ್ಲಿಷ್ ಕಾವ್ಯದ ರುಚಿ ಹತ್ತಿತು. ವರ್ಡ್ಸ್‌ವರ್ತ್, ಶೆಲ್ಲಿ ಮೊದಲಾದವರನ್ನು ಓದುತ್ತ ತಾವೂ ಇಂಗ್ಲಿಷಿನಲ್ಲೇ ಬರೆಯತೊಡಗಿದರು. 1922ರಲ್ಲಿ, ಇನ್ನೂ ಹದಿನೆಂಟು ತುಂಬುವ ಮೊದಲೇ, ಅವರ ಇಂಗ್ಲಿಷ್ ಕವಿತೆಗಳ ಪುಟ್ಟ ಪುಸ್ತಕ ಅಚ್ಚಾಗಿ ಹೊರಬಂತು.

1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಿದ್ದರು. ಹುಡುಗ ತನ್ನ ಇಂಗ್ಲಿಷ್ ಕವನಗಳನ್ನು ಹಿಡಿದು ಅವರನ್ನು ಕಾಣಲು ಹೋದ. ಮೆಚ್ಚುಗೆಯ ನಿರೀಕ್ಷೆಯಲ್ಲಿ ಹೋದವನಿಗೆ ಸಿಕ್ಕಿದ್ದು ಒಂದು ಪ್ರಶ್ನೆ: ನಿನ್ನ ಭಾಷೆಯಲ್ಲಿ ಏನು ಬರೆದಿದ್ದೀಯೆ? ಹುಡುಗನಿಗೆ ಬೇಸರವಾಯಿತು. ಹೊಸ ಕಾಲದ ಭಾವಗಳಿಗೆ ಬೇಕಾದ ಛಂದಸ್ಸು, ರೂಪ ಕನ್ನಡದಲ್ಲಿಲ್ಲ ಎಂಬುದು ಆಗ ಅವನ ಅನಿಸಿಕೆ. ಇಲ್ಲದಿದ್ದರೆ ಹೊಸದಾಗಿ ಮಾಡಿಕೊಳ್ಳಬೇಕು ಎಂಬುದು ಹಿರಿಯ ಕವಿಯ ಸಲಹೆ.

ಈ ಘಟನೆಯನ್ನು ಭಾಷಾಭಿಮಾನದ ಕಥೆಯಾಗಿ ಹೇಳುವುದು ವಾಡಿಕೆ. ನನಗೆ ಇದರಲ್ಲಿ ಇನ್ನೊಂದು ಸಂಗತಿ ಕಾಣುತ್ತದೆ. ಆ ಹುಡುಗನ ಕಾಡು, ಮಳೆ, ಅವ್ವ, ಅಪ್ಪಯ್ಯ ಎಲ್ಲ ಇದ್ದದ್ದು ಕನ್ನಡದಲ್ಲಿ. ಕವಿತೆ ಕಟ್ಟುವ ಬುದ್ಧಿ ಓಡುತ್ತಿದ್ದದ್ದು ಇಂಗ್ಲಿಷಿನಲ್ಲಿ. ಭಾವ ಒಂದು ಮನೆಯಲ್ಲಿ, ಬುದ್ಧಿ ಬಾಡಿಗೆಗೆ ಇನ್ನೊಂದು ಮನೆಯಲ್ಲಿ. ಅಭಿಮಾನ ಪಕ್ಕಕ್ಕಿಟ್ಟು ಯೋಚಿಸಿದಾಗ ಕಸಿನ್ಸ್ ಹೇಳಿದ್ದು ಸರಿ ಎಂದು ಹುಡುಗನಿಗೆ ತೋರಿತು. ಕನ್ನಡದಲ್ಲಿ ಬರೆಯಲು ಕೂತ. ಮುಂದಿನ ಎಪ್ಪತ್ತು ವರ್ಷ ಎರಡನ್ನೂ ಒಂದೇ ಮನೆಯಲ್ಲಿ ಇಟ್ಟುಕೊಂಡೇ ಬದುಕಿದರು.

ತರ್ಕ ಕಲಿತ ಭಕ್ತ

ಮಹಾರಾಜ ಕಾಲೇಜಿನಲ್ಲಿ ಬಿ.ಎ.ಗೆ ಅವರು ಓದಿದ್ದು ತತ್ತ್ವಶಾಸ್ತ್ರ. 1927ರಲ್ಲಿ ಪದವಿ ಪಡೆದರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಆಗಷ್ಟೇ ಕನ್ನಡ ಎಂ.ಎ. ಆರಂಭವಾಗಿತ್ತು. ಟಿ.ಎಸ್. ವೆಂಕಣ್ಣಯ್ಯನವರು ಗುರುಗಳು. ವೆಂಕಣ್ಣಯ್ಯನವರಿಗೆ ಈ ಶಿಷ್ಯನ ಮೇಲೆ ಅಪಾರ ಪ್ರೀತಿ. ಪುಟ್ಟಪ್ಪನವರು ಕನ್ನಡಕ್ಕೇ ಸೇರಿ 1929ರಲ್ಲಿ ಎಂ.ಎ. ಮುಗಿಸಿದರು. ಅದೇ ವರ್ಷ ಮಹಾರಾಜ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರಾದರು. ಯಾವುದನ್ನೂ ಕಾರಣ ಕೇಳದೆ ಒಪ್ಪಬಾರದು ಎನ್ನುವ ಶಿಸ್ತನ್ನು ತತ್ತ್ವಶಾಸ್ತ್ರ ಕಲಿಸಿತ್ತು. ಆ ಶಿಸ್ತನ್ನು ಅವರು ಕನ್ನಡದ ತರಗತಿಗೆ ತಂದರು.

ವಿದ್ಯಾರ್ಥಿಯಾಗಿದ್ದಾಗ ಆರೋಗ್ಯ ಕೆಟ್ಟು ಕಷ್ಟದಲ್ಲಿದ್ದ ಅವರಿಗೆ ಆಸರೆ ಕೊಟ್ಟವರು ಮೈಸೂರು ರಾಮಕೃಷ್ಣಾಶ್ರಮದ ಸ್ವಾಮಿ ಸಿದ್ಧೇಶ್ವರಾನಂದರು. ಆಶ್ರಮವೇ ಹಲವು ವರ್ಷ ಅವರ ಮನೆಯಾಯಿತು. 1929ರಲ್ಲಿ ಅವರು ಬೇಲೂರು ಮಠಕ್ಕೆ ಹೋಗಿ ಸ್ವಾಮಿ ಶಿವಾನಂದರಿಂದ ದೀಕ್ಷೆ ಪಡೆದರು. (ಇದು ನಮ್ಮ ಹಾಸನ ಜಿಲ್ಲೆಯ ಬೇಲೂರಲ್ಲ, ಕಲ್ಕತ್ತೆಯ ಬಳಿಯದು.) ರಾಮಕೃಷ್ಣ ಪರಮಹಂಸರ ಮತ್ತು ವಿವೇಕಾನಂದರ ಜೀವನಚರಿತ್ರೆಗಳನ್ನು ಕನ್ನಡದಲ್ಲಿ ಬರೆದರು.

ಕಾರಣ ಕೇಳುವ ಮನುಷ್ಯ ದೀಕ್ಷೆ ಪಡೆದದ್ದು ಹೇಗೆ ಎಂದು ಕೆಲವರಿಗೆ ಅನ್ನಿಸಬಹುದು. ಅವರಿಗೆ ಅದರಲ್ಲಿ ವಿರೋಧ ಕಾಣಲಿಲ್ಲ. ದೇವರ ಮೇಲಿನ ಪ್ರೀತಿಗೂ ದೇವರ ಹೆಸರಿನಲ್ಲಿ ನಡೆಯುವ ವ್ಯಾಪಾರಕ್ಕೂ ಅವರು ಗೆರೆ ಎಳೆದಿದ್ದರು. ಮೊದಲನೆಯದನ್ನು ಬದುಕಿನುದ್ದಕ್ಕೂ ಕಾಪಾಡಿಕೊಂಡರು, ಎರಡನೆಯದನ್ನು ಬದುಕಿನುದ್ದಕ್ಕೂ ಟೀಕಿಸಿದರು. ಸನ್ಯಾಸಿಗಳ ನಡುವೆ ಇದ್ದವರು 1937ರಲ್ಲಿ ಹೇಮಾವತಿಯವರನ್ನು ಮದುವೆಯಾಗಿ ಗೃಹಸ್ಥರಾದರು. ಸಂಸಾರ ಮತ್ತು ಸಾಧನೆ ಎಂಬ ಎರಡರಲ್ಲೂ ಒಂದನ್ನು ಬಿಡಲಿಲ್ಲ. ನಾಲ್ವರು ಮಕ್ಕಳಾದರು. ಒಂಟಿಕೊಪ್ಪಲಿನಲ್ಲಿ ಕಟ್ಟಿಸಿದ ಮನೆಗೆ ಉದಯರವಿ ಎಂದು ಹೆಸರಿಟ್ಟರು.

ಕಥೆಯನ್ನೇ ತಿದ್ದಿದ ಕರುಣೆ

ಅವರ ಬರವಣಿಗೆಯಲ್ಲಿ ಭಾವ ಮತ್ತು ಬುದ್ಧಿ ಹೇಗೆ ಒಂದನ್ನೊಂದು ತಿದ್ದುತ್ತವೆ ಎಂದು ತಿಳಿಯಲು ಶಾಲೆಯ ಮಕ್ಕಳೂ ಆಡಬಹುದಾದ ಒಂದು ನಾಟಕ ಸಾಕು. ಜಲಗಾರ ನಾಟಕದಲ್ಲಿ ಊರೆಲ್ಲ ಜಾತ್ರೆಗೆ, ಶಿವನ ಗುಡಿಗೆ ಹೊರಟಿರುತ್ತದೆ. ಬೀದಿ ಗುಡಿಸುವ ಜಲಗಾರನಿಗೆ ಗುಡಿಯೊಳಗೆ ಪ್ರವೇಶವಿಲ್ಲ. ಅವನು ತನ್ನ ಕೆಲಸವನ್ನೇ ಪೂಜೆಯಂತೆ ಮಾಡುತ್ತಿರುತ್ತಾನೆ. ಕೊನೆಗೆ ಶಿವ ಬರುವುದು ಅವನ ಬಳಿಗೆ, ಅದೂ ಜಲಗಾರನಾಗಿ. ಇಲ್ಲಿ ಭಕ್ತಿಯಿದೆ. ಆ ಭಕ್ತಿ ಗುಡಿಯ ಬಾಗಿಲಲ್ಲಿ ನಿಂತು ಲೆಕ್ಕ ಕೇಳುತ್ತದೆ.

1944ರ ಶೂದ್ರ ತಪಸ್ವಿಯಲ್ಲಿ ಇನ್ನೂ ಧೈರ್ಯ ಮಾಡಿದರು. ಶೂದ್ರ ಶಂಬೂಕ ತಪಸ್ಸು ಮಾಡಿದ್ದರಿಂದಲೇ ಬ್ರಾಹ್ಮಣನ ಮಗ ಸತ್ತನೆಂದು ಅವನನ್ನು ರಾಮ ಕೊಂದ ಎಂಬುದು ಹಳೆಯ ಕಥೆ. ಕುವೆಂಪು ಅವರ ನಾಟಕದಲ್ಲಿ ಬಾಣ ತಪಸ್ವಿಯ ಮೇಲೆ ಹೋಗುವುದಿಲ್ಲ. ನಿಜವಾದ ಪಾಪಿ ಯಾರೋ ಅವನನ್ನು ಅಟ್ಟುತ್ತದೆ. ಶಾಸ್ತ್ರ ಬಲ್ಲ ಆ ಬ್ರಾಹ್ಮಣನನ್ನೇ ಬೆನ್ನಟ್ಟುತ್ತದೆ. ತಪಸ್ವಿಗೆ ತಲೆಬಾಗಿದಾಗ ಅವನ ಅಹಂಕಾರ ಕರಗುತ್ತದೆ, ಮಗ ಬದುಕುತ್ತಾನೆ. ಮಾಸ್ತಿಯವರಂಥ ಹಿರಿಯರೇ ಇದನ್ನು ಆಕ್ಷೇಪಿಸಿದರು. ಕುವೆಂಪು ಉತ್ತರ ಕೊಟ್ಟರು, ಹಿಂದೆ ಸರಿಯಲಿಲ್ಲ. ಕರುಣೆಯಿಲ್ಲದ ಪಾಂಡಿತ್ಯ ಏನಾಗುತ್ತದೆ ಎಂಬುದನ್ನು ಅವರು ಅಲ್ಲಿ ತೋರಿಸಿದ್ದರು.

1936ರ ಹೊತ್ತಿಗೆ ಶುರುಮಾಡಿದ ಶ್ರೀ ರಾಮಾಯಣ ದರ್ಶನಂ ಮುಗಿಯಲು ಸುಮಾರು ಹತ್ತು ವರ್ಷ ಹಿಡಿಯಿತು. ನಡುವೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಹತ್ತು ವರ್ಷ ಪಾಠ ಹೇಳಿ, 1946ರಲ್ಲಿ ಪ್ರಾಧ್ಯಾಪಕರಾಗಿ ಮೈಸೂರಿಗೆ ಮರಳಿದ್ದರು. ಕಾವ್ಯ 1949ರಲ್ಲಿ ಪ್ರಕಟವಾಯಿತು. ಅಷ್ಟರಲ್ಲಿ ತೀರಿಕೊಂಡಿದ್ದ ಗುರು ವೆಂಕಣ್ಣಯ್ಯನವರಿಗೆ ಅದನ್ನು ಅರ್ಪಿಸಿದರು. ಸೀತೆ ಅಗ್ನಿಪ್ರವೇಶ ಮಾಡುವ ಸಂದರ್ಭವನ್ನು ಅವರು ಹಾಗೆಯೇ ಒಪ್ಪಲಿಲ್ಲ. ಅವರ ರಾಮನೂ ಬೆಂಕಿಯನ್ನು ಹೊಗುತ್ತಾನೆ. ಹೆಂಡತಿಗೊಂದು ಪರೀಕ್ಷೆ, ಗಂಡನಿಗಿಲ್ಲ ಎಂಬುದು ನ್ಯಾಯವೇ ಎಂದು ಕೇಳಿದ್ದು ಬುದ್ಧಿ. ಅದಕ್ಕೆ ಉತ್ತರವಾಗಿ ರಾಮನನ್ನು ಕೆಳಗಿಳಿಸದೆ ಸೀತೆಯ ಪಕ್ಕಕ್ಕೆ ನಡೆಸಿಕೊಂಡು ಹೋದದ್ದು ಪ್ರೀತಿ. ಬರೀ ಬುದ್ಧಿಯಿದ್ದರೆ ರಾಮಾಯಣವನ್ನು ಟೀಕಿಸಿ ಲೇಖನ ಬರೆಯುತ್ತಿದ್ದರು. ಬರೀ ಭಾವವಿದ್ದರೆ ಹಳೆಯ ಕಥೆಯನ್ನೇ ಮತ್ತೊಮ್ಮೆ ಹಾಡುತ್ತಿದ್ದರು. ಎರಡೂ ಇದ್ದದ್ದರಿಂದ ಹೊಸ ಕಾವ್ಯ ಹುಟ್ಟಿತು. ಆ ಕಾವ್ಯದ ಭಾಷೆ ಸುಲಭವಲ್ಲ, ಹಳಗನ್ನಡದ ಪದಗಳು ತುಂಬ ಇವೆ, ಮೇಷ್ಟರ ನೆರವಿಲ್ಲದೆ ನಮ್ಮಂಥವರಿಗೆ ಅರ್ಥವಾಗುವುದು ಕಷ್ಟ ಎಂಬ ಮಾತೂ ನಿಜವೇ. ಅದಕ್ಕೆ 1955ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, ಮುಂದೆ 1967ರ ಸಾಲಿನ ಜ್ಞಾನಪೀಠ ಬಂತು. ಕನ್ನಡಕ್ಕೆ ಅದೇ ಮೊದಲ ಜ್ಞಾನಪೀಠ.

ಕುರ್ಚಿಯಲ್ಲಿ ಕೂತ ಕವಿ

ಕವಿಗೆ ಆಡಳಿತ ಕೊಟ್ಟರೆ ಕೆಟ್ಟಿತು ಎನ್ನುವವರುಂಟು. 1955ರಲ್ಲಿ ಮಹಾರಾಜ ಕಾಲೇಜಿನ ಪ್ರಾಂಶುಪಾಲರಾದ ಕುವೆಂಪು 1956ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು. ಅದೇ ವಿಶ್ವವಿದ್ಯಾನಿಲಯದಲ್ಲಿ ಓದಿ ಅಲ್ಲಿಯೇ ಆ ಸ್ಥಾನಕ್ಕೆ ಏರಿದವರಲ್ಲಿ ಅವರೇ ಮೊದಲಿಗರು. 1960ರವರೆಗೆ ಆ ಹುದ್ದೆಯಲ್ಲಿದ್ದರು.

ಕುಕ್ಕರಹಳ್ಳಿ ಕೆರೆಯ ಪಕ್ಕದ ವಿಶಾಲವಾದ ಜಾಗದಲ್ಲಿ ಸ್ನಾತಕೋತ್ತರ ವಿಭಾಗಗಳಿಗೆ ಒಂದು ಹೊಸ ನೆಲೆ ಕಟ್ಟಬೇಕು ಎಂದು ಯೋಜನೆ ಹಾಕಿದವರು ಅವರು. ಅದಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟವರೂ ಅವರೇ. ಕವಿಗೆ ತಕ್ಕ ಹೆಸರು. ಆದರೆ ಹೆಸರಿಟ್ಟು ಸುಮ್ಮನಾಗಲಿಲ್ಲ. ಎಕರೆ, ಕಟ್ಟಡ, ವಿಭಾಗ, ಹಣ ಎಲ್ಲದರ ಲೆಕ್ಕ ಹಾಕಬೇಕಿತ್ತು, ಹಾಕಿದರು. ನಜರ್‌ಬಾದಿನಿಂದ ಊರಿನ ಆ ತುದಿಗೆ ಹೋದಾಗ ಇಂದಿಗೂ ಮರಗಳ ನಡುವೆ ಸಾವಿರಾರು ಮಕ್ಕಳು ಓದುತ್ತಿರುವುದನ್ನು ನೋಡಬಹುದು.

ಇನ್ನೊಂದು ಕೆಲಸ ನಮ್ಮಂಥ ಕನ್ನಡ ಶಾಲೆಯವರಿಗೆ ನೇರವಾಗಿ ಸಂಬಂಧಿಸಿದ್ದು. ಕಾಲೇಜಿನ ಮಟ್ಟದಲ್ಲೂ ಕನ್ನಡ ಮಾಧ್ಯಮಕ್ಕೆ ಅವರು ದಾರಿ ತೆರೆದರು. ಕನ್ನಡದಲ್ಲಿ ವಿಜ್ಞಾನ ಹೇಳಲು ಆಗುವುದಿಲ್ಲ, ಪದಗಳಿಲ್ಲ, ಪುಸ್ತಕಗಳಿಲ್ಲ ಎಂಬ ಆಕ್ಷೇಪ ಬಂತು. 1924ರಲ್ಲಿ ಕವಿತೆಯ ಬಗ್ಗೆ ಅವರಿಗೇ ಇದ್ದ ಅನುಮಾನ ಅದು! ಅವರ ಉತ್ತರವೂ ಆಗ ತಾವು ಪಡೆದ ಸಲಹೆಯೇ ಆಗಿತ್ತು. ಇಲ್ಲದಿದ್ದರೆ ಮಾಡಿಕೊಳ್ಳಬೇಕು. ಪಠ್ಯಪುಸ್ತಕಗಳು ಕನ್ನಡದಲ್ಲಿ ಬರಬೇಕೆಂದು ಪಟ್ಟು ಹಿಡಿದರು. ವಿಶ್ವವಿದ್ಯಾನಿಲಯದ ಅಧ್ಯಾಪಕರು ಊರೂರಿಗೆ ಹೋಗಿ ಜನರಿಗೆ ಕನ್ನಡದಲ್ಲಿ ಉಪನ್ಯಾಸ ಕೊಡುವ, ಅದನ್ನು ಕಡಿಮೆ ಬೆಲೆಯ ಪುಟ್ಟ ಪುಸ್ತಕವಾಗಿ ಅಚ್ಚುಹಾಕುವ ಪದ್ಧತಿ ಅವರಿಗಿಂತ ಮೊದಲೇ ಇತ್ತು. ಅದಕ್ಕೆ ಬಲ ಕೊಟ್ಟರು.

ಕನ್ನಡಾಭಿಮಾನ ಒಂದು ಭಾವ. ಆ ಭಾವ ಘೋಷಣೆಯಲ್ಲಿ ಮುಗಿಯಬಹುದಿತ್ತು. ಅವರು ಅದಕ್ಕೆ ಕೆಲಸ ಹಚ್ಚಿದರು: ಪುಸ್ತಕ ಬರೆಸುವುದು, ಪಾರಿಭಾಷಿಕ ಪದ ಹುಡುಕಿಸುವುದು, ಮೇಷ್ಟರನ್ನು ತಯಾರು ಮಾಡುವುದು. ಅವರು ಇಂಗ್ಲಿಷ್ ದ್ವೇಷಿಯೂ ಆಗಿರಲಿಲ್ಲ. ಬ್ರೌನಿಂಗನ ಕವಿತೆಯಿಂದ ಬೊಮ್ಮನಹಳ್ಳಿಯ ಕಿಂದರಿಜೋಗಿಯನ್ನು, ಷೇಕ್ಸ್‌ಪಿಯರನ ನಾಟಕಗಳಿಂದ ಬಿರುಗಾಳಿ ಮತ್ತು ರಕ್ತಾಕ್ಷಿಯನ್ನು ನಮಗೆ ತಂದುಕೊಟ್ಟವರು ಅವರು. ಇಂಗ್ಲಿಷನ್ನು ಕಲಿಯುವುದು ಬೇರೆ, ಎಳೆಯ ಮಗುವಿನ ಮೇಲೆ ಎಲ್ಲ ವಿಷಯಗಳನ್ನೂ ಇಂಗ್ಲಿಷಿನಲ್ಲೇ ಹೇರುವುದು ಬೇರೆ ಎಂಬುದು ಅವರ ನಿಲುವು.

ಈ ನಿಲುವಿನ ಬೆಲೆ ನನಗೆ ತಿಳಿದದ್ದು ಶಾಲೆ ಬಿಟ್ಟ ಮೇಲೆ. ನಮ್ಮ ಶಾಲೆಯಲ್ಲಿ ವಿಜ್ಞಾನವನ್ನು ಕನ್ನಡದಲ್ಲಿ ಓದಿದ ನಮಗೆ ಪಿಯುಸಿಗೆ ಹೋದಾಗ ವೇಗೋತ್ಕರ್ಷ ಆಕ್ಸಿಲರೇಶನ್ ಆಯಿತು, ದ್ಯುತಿಸಂಶ್ಲೇಷಣೆ ಫೋಟೋಸಿಂಥೆಸಿಸ್ ಆಯಿತು. ಮೊದಲ ಕೆಲವು ತಿಂಗಳು ಪದಗಳ ಹಿಂದೆ ಓಡುವುದೇ ಆಯಿತು. ಆದರೆ ಆ ಪದಗಳ ಕೆಳಗಿನ ಅರ್ಥ ಗಟ್ಟಿಯಾಗಿತ್ತು. ಇಳಿಜಾರಿನಲ್ಲಿ ಸೈಕಲ್ ಬಿಟ್ಟಾಗ ವೇಗ ಹೇಗೆ ಏರುತ್ತದೆ ಎಂಬುದನ್ನು ಚಾಮುಂಡಿ ಬೆಟ್ಟದ ರಸ್ತೆಯ ಉದಾಹರಣೆ ಕೊಟ್ಟು ಮೇಷ್ಟರು ನಮ್ಮ ಭಾಷೆಯಲ್ಲೇ ಹೇಳಿದ್ದರು. ಅರ್ಥವಾದ ಸಂತೋಷದ ಜೊತೆಗೇ ಕಲಿತ ಪಾಠ ಮರೆಯುವುದಿಲ್ಲ. ಹೆಸರು ಬದಲಾದರೆ ಹೊಸ ಹೆಸರನ್ನು ಬಾಯಿಪಾಠ ಮಾಡಬಹುದು. ಅರ್ಥವನ್ನು ಬಾಯಿಪಾಠ ಮಾಡಲು ಬರುವುದಿಲ್ಲ. ಇಂದು ನನ್ನ ಕೆಲಸವೆಲ್ಲ ಇಂಗ್ಲಿಷಿನಲ್ಲಿ. ಆದರೂ ಪ್ರೋಗ್ರಾಮಿನಲ್ಲಿ ಕಠಿಣವಾದ ತೊಡಕು ಬಂದಾಗ ಹೀಗಾದರೆ ಹಾಗೆ, ಹಾಗಾದರೆ ಹೀಗೆ ಎಂದು ಮನಸ್ಸಿನಲ್ಲಿ ಬಿಡಿಸಿಕೊಳ್ಳುವುದು ಕನ್ನಡದಲ್ಲೇ.

ನಮ್ಮ ವೃತ್ತಿಯ ಇನ್ನೊಂದು ಮಾತನ್ನೂ ಹೇಳಬೇಕು. ಕಂಪ್ಯೂಟರಿಗೆ ಹೇಳಿದ್ದನ್ನು ಅದು ತಪ್ಪದೆ ಮಾಡುತ್ತದೆ. ಏನು ಹೇಳಬೇಕು ಎಂದು ತೀರ್ಮಾನಿಸುವವರು ನಾವು. ಪಿಂಚಣಿಗೆ ಅರ್ಜಿ ಹಾಕುವ ಅಜ್ಜಿಗೆ ಮೊಬೈಲಿನ ಪರದೆಯ ಮೇಲಿನ ಸಣ್ಣ ಅಕ್ಷರ ಕಾಣುತ್ತದೆಯೇ ಎಂದು ಯಾವ ತರ್ಕವೂ ತಾನಾಗಿ ಕೇಳುವುದಿಲ್ಲ. ಆ ಅಜ್ಜಿಯ ಬಗ್ಗೆ ಕಾಳಜಿ ಇರುವವನು ಕೇಳುತ್ತಾನೆ. ಹಾಗೆ ಕೇಳಿದ ಮೇಲೆ ಅಕ್ಷರ ದೊಡ್ಡದು ಮಾಡುವ ದಾರಿ ಹುಡುಕುವುದು ಬುದ್ಧಿಯ ಕೆಲಸ. ಕುವೆಂಪು ಬದುಕಿನಲ್ಲಿ ನಾನು ಕಂಡ ಪಾಠ ಇದೇ. ಏನು ಮಾಡಬೇಕೆಂದು ಭಾವ ತೋರಿಸಬೇಕು, ಹೇಗೆಂದು ಬುದ್ಧಿ ಹುಡುಕಬೇಕು. ಭಾವ ದಾರಿ ತಪ್ಪಿದರೆ ಬುದ್ಧಿ ತಡೆಯಬೇಕು, ಬುದ್ಧಿ ಒಣಗಿದರೆ ಭಾವ ನೀರೆರೆಯಬೇಕು.

ಕೊನೆಯವರೆಗೂ ಎಚ್ಚರ

ವಯಸ್ಸಾದಂತೆ ಬಹಳ ಜನ ಮೆತ್ತಗಾಗುತ್ತಾರೆ. ಕುವೆಂಪು ಆಗಲಿಲ್ಲ. 1974ರಲ್ಲಿ ಮೈಸೂರಿನಲ್ಲಿ ನಡೆದ ಬರಹಗಾರರ ಮತ್ತು ಕಲಾವಿದರ ಸಮ್ಮೇಳನದಲ್ಲಿ ಅವರು ಮಾಡಿದ ಭಾಷಣ ವಿಚಾರಕ್ರಾಂತಿಗೆ ಆಹ್ವಾನ ಎಂದೇ ಹೆಸರಾಯಿತು. ಆಗ ಅವರಿಗೆ ಎಪ್ಪತ್ತರ ಹತ್ತಿರ. ಪುರೋಹಿತಶಾಹಿ, ಜಾತಿ, ಮೂಢಾಚಾರಗಳನ್ನು ಯುವಕರು ಪ್ರಶ್ನಿಸಬೇಕು ಎಂದು ಕರೆಕೊಟ್ಟರು. ಅಂಕುಶವಿಲ್ಲದ ಮತಿ ಬೇಕು ಎಂಬುದು ಅವರು ಮೊದಲಿನಿಂದಲೂ ವಿದ್ಯಾರ್ಥಿಗಳಿಗೆ ಹೇಳಿಕೊಂಡು ಬಂದ ಮಾತು. ಆ ಮತಿ ಏತಕ್ಕೆ ಎಂದರೆ ಆತ್ಮದ ಶ್ರೀಮಂತಿಕೆಗೆ. ಇಲ್ಲಿಯೂ ಎರಡನ್ನು ಬೇರೆ ಮಾಡಲಿಲ್ಲ.

ಹೇಳಿದ್ದನ್ನು ಮನೆಯಲ್ಲೂ ನಡೆಸಿದರು. ವರದಕ್ಷಿಣೆ, ಆಡಂಬರ, ಮುಹೂರ್ತ, ಪುರೋಹಿತರು ಯಾವುದೂ ಇಲ್ಲದ ಸರಳ ಮದುವೆಗೆ ಮಂತ್ರ ಮಾಂಗಲ್ಯ ಎಂಬ ರೂಪ ಕೊಟ್ಟರು. ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆ 1966ರಲ್ಲಿ ಹೀಗೆ ನಡೆಯಿತು. ಸುಮ್ಮನೆ ರಿಜಿಸ್ಟರ್ ಕಚೇರಿಯಲ್ಲಿ ಸಹಿ ಹಾಕಿಸಿದ್ದರೆ ಬುದ್ಧಿಗೆ ಸಾಕಾಗುತ್ತಿತ್ತು. ಮದುವೆಯೆಂದರೆ ಇಬ್ಬರ ಬದುಕಿನ ದೊಡ್ಡ ಗಳಿಗೆ, ಆ ಗಳಿಗೆಗೆ ಒಳ್ಳೆಯ ಮಾತು, ಹಿರಿಯರ ಹರಕೆ ಬೇಕು ಎಂದು ಮನಸ್ಸಿಗೆ ಅನ್ನಿಸುತ್ತದಲ್ಲ, ಅದನ್ನೂ ಉಳಿಸಿಕೊಂಡರು. ಸಾಲ ಮಾಡಿ ಮದುವೆ ಮಾಡುವ ನಮ್ಮ ಮೊಹಲ್ಲಾದ, ನಮ್ಮ ಹಳ್ಳಿಗಳ ಎಷ್ಟೋ ತಂದೆತಾಯಿಗಳಿಗೆ ಈ ದಾರಿ ಇಂದಿಗೂ ತೆರೆದಿದೆ. ಎಷ್ಟೋ ಜನ ಅದರಲ್ಲಿ ನಡೆದಿದ್ದಾರೆ ಕೂಡ.

ಹುಟ್ಟುವಾಗ ಪ್ರತಿ ಮಗುವೂ ವಿಶ್ವಮಾನವ, ಬೆಳೆಯುತ್ತ ಜಾತಿ ಮತಗಳ ಕಟ್ಟು ಹಾಕಿ ನಾವೇ ಅದನ್ನು ಚಿಕ್ಕದು ಮಾಡುತ್ತೇವೆ, ಮತ್ತೆ ವಿಶ್ವಮಾನವನನ್ನಾಗಿ ಮಾಡುವುದೇ ವಿದ್ಯೆಯ ಕೆಲಸ ಎಂಬುದು ಅವರ ಕೊನೆಗಾಲದ ಸಂದೇಶದ ಸಾರ. ಅವರು ಕೊಟ್ಟ ಐದು ಮಂತ್ರಗಳು ಮನುಜಮತ, ವಿಶ್ವಪಥ, ಸರ್ವೋದಯ, ಸಮನ್ವಯ, ಪೂರ್ಣದೃಷ್ಟಿ. ಇವುಗಳಲ್ಲಿ ಸಮನ್ವಯ ಎಂಬುದನ್ನು ಅವರ ಬದುಕಿಗೇ ಹೆಸರಾಗಿ ಇಡಬಹುದು. 1992ರಲ್ಲಿ ಅವರಿಗೆ ಕರ್ನಾಟಕ ರತ್ನ ಸಂದಿತು. 1994ರ ನವೆಂಬರಿನಲ್ಲಿ ಮೈಸೂರಿನಲ್ಲಿ ತೀರಿಕೊಂಡರು. ಕುಪ್ಪಳಿಗೆ ಒಯ್ದು, ಅವರು ಎಳೆಯಂದಿನಿಂದ ಪ್ರೀತಿಸಿದ ಕವಿಶೈಲದಲ್ಲೇ ಅಂತ್ಯಸಂಸ್ಕಾರ ಮಾಡಿದರು.

ಸುವರ್ಣ ಮಹೋತ್ಸವವೆಂದರೆ ನಾವು ಹಳೆಯ ವಿದ್ಯಾರ್ಥಿಗಳು ಭಾವುಕರಾಗುವ ಹೊತ್ತು. ಶಾಲೆಯ ಹಳೆಯ ಬೆಂಚು, ಗಂಟೆಯ ಸದ್ದು, ಮೇಷ್ಟರ ಬೆತ್ತ ಎಲ್ಲ ನೆನಪಾಗುತ್ತವೆ. ನೆನಪಾಗಲಿ. ಆದರೆ ಆ ಭಾವಕ್ಕೂ ಸ್ವಲ್ಪ ಕೆಲಸ ಹಚ್ಚಬೇಕಾಗಿದೆ. ಸರ್ಕಾರಿ ಕನ್ನಡ ಶಾಲೆಗಳಿಗೆ ಬರುವ ಮಕ್ಕಳು ಕಡಿಮೆಯಾಗುತ್ತಿರುವ ಕಾಲವಿದು. ಊರವರು ಮಕ್ಕಳನ್ನು ಬೇರೆಡೆಗೆ ಕಳಿಸುವುದಕ್ಕೆ ಅವರದೇ ಕಾರಣಗಳಿವೆ. ಅವರನ್ನು ದೂರಿ ಫಲವಿಲ್ಲ. ಇಲ್ಲಿ ಕನ್ನಡದಲ್ಲಿ ವಿಜ್ಞಾನ, ಗಣಿತ ಚೆನ್ನಾಗಿ ಕಲಿಯಬಹುದು, ಜೊತೆಗೆ ಇಂಗ್ಲಿಷನ್ನೂ ಗಟ್ಟಿಯಾಗಿ ಕಲಿಯಬಹುದು ಎಂದು ಅವರಿಗೆ ಕಣ್ಣಾರೆ ಕಾಣುವಂತೆ ಮಾಡಬೇಕು. ನಮ್ಮಲ್ಲಿ ಎಂಜಿನಿಯರುಗಳಿದ್ದಾರೆ, ನರ್ಸುಗಳಿದ್ದಾರೆ, ಅಂಗಡಿ ನಡೆಸುವವರಿದ್ದಾರೆ, ಪೊಲೀಸರಿದ್ದಾರೆ. ತಿಂಗಳಿಗೆ ಒಂದು ಶನಿವಾರ ಒಬ್ಬೊಬ್ಬರು ಬಂದು ತಮ್ಮ ಕೆಲಸವನ್ನು ಮಕ್ಕಳಿಗೆ ಕನ್ನಡದಲ್ಲಿ ತಿಳಿಸಿ ಹೇಳಿದರೆ ಸಾಕು. ಗ್ರಂಥಾಲಯದ ಕಪಾಟಿಗೆ ಕನ್ನಡದ ವಿಜ್ಞಾನ ಪುಸ್ತಕಗಳನ್ನು ತಂದಿಟ್ಟರೆ ಸಾಕು. ಕಂಪ್ಯೂಟರ್ ಪಾಠ ಹೇಳುವ ಮೊದಲ ಶನಿವಾರ ನನ್ನದು.